ಸಕ್ಕರೆ ಬೇಡ ಅನ್ನೋರಿಗೆ ದಾವಣಗೆರೆಯಲ್ಲಿ ಕಾಫಿ: ಸರ್ಕಲ್ ಹೋಟ್ಲು, ಎ.ಸಿ. ಕೆಫೆ, ಪುಡಿ ಅಂಗಡಿ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಪುಡಿ ಅಂಗಡಿಗೆ. ಮಿಕ್ಕಿದ್ದು ಯಾಕೆ ಆಗ್ಲಿಲ್ಲ ಅನ್ನೋದಷ್ಟೇ ಇಲ್ಲಿ ಬರ್ದಿರೋದು. ಯಾವ ಹೋಟ್ಲು, ಯಾವ ಕೆಫೆ ಅಂತ ಹೆಸ್ರು ಹಾಕಲ್ಲ, ಯಾಕಂದ್ರೆ ದಾವಣಗೆರೆ ಏನು ಅಷ್ಟು ದೊಡ್ಡ ಊರಲ್ಲ, ನಾಳೆ ಅವ್ರದ್ದೇ ರಿಟರ್ನ್ ಫೈಲು ನನ್ನ ಟೇಬಲ್ ಮೇಲೆ ಬಂದ್ರೂ ಬರ್ಬೋದು.

ನಾನು ಅಕೌಂಟ್ಸ್ ನೋಡ್ಕೊಳೋಳು. ಪಿ.ಜೆ. ಬಡಾವಣೆಯಲ್ಲಿ ಸಣ್ಣ ಆಫೀಸು, ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ, ಪ್ರತಿ ತಿಂಗ್ಳು 11ನೇ ತಾರೀಕು, ಆಮೇಲೆ 20ನೇ ತಾರೀಕು ಹತ್ರ ಬಂದ್ರೆ ತಲೆ ಗಿರ್ ಅಂತಿರತ್ತೆ. ದಿನಕ್ಕೆ ಎರಡೇ ಕಾಫಿ, ಹನ್ನೊಂದು ಗಂಟೆಗೊಂದು, ಸಂಜೆ ನಾಲ್ಕೂವರೆಗೊಂದು. ಎರಡೇ ಕುಡಿಯೋದು ಅಂದ್ಮೇಲೆ ಆ ಎರಡಾದ್ರೂ ಸರಿಯಾಗಿರ್ಬೇಕು ಅನ್ನೋದು ನನ್ನ ಹಟ. ಸಕ್ಕರೆ ಹಾಕ್ಕೊಳಲ್ಲ. ಹಾಲು ಕಮ್ಮಿ, ಡಿಕಾಕ್ಷನ್ ಜಾಸ್ತಿ, ಬಿಸಿ ಇರ್ಬೇಕು ಆದ್ರೆ ನಾಲಿಗೆ ಸುಡಬಾರ್ದು. ನಮ್ಮನೆಯವ್ರು ಟೀ ಪಾರ್ಟಿ, ಅವ್ರ ಪ್ರಕಾರ ಇದು ಒಂಥರಾ ಕಾಯಿಲೆ.

ಅವ್ರದ್ದೂ ತಪ್ಪಲ್ಲ ಬಿಡಿ, ಊರೇ ಟೀ ಊರು. ಮಂಡಕ್ಕಿ ಮಿರ್ಚಿ ತಿಂದ್ಮೇಲೆ ಇಲ್ಲಿ ಯಾರಾದ್ರೂ ಕಾಫಿ ಕೇಳಿದ್ದು ನೋಡಿದೀರಾ? ಬೆಣ್ಣೆ ದೋಸೆ ತಿಂದ್ರೂ ಟೀ, ಕೋರ್ಟ್ ಕೆಲಸ ಮುಗಿದ್ರೂ ಟೀ, ಯಾರಾದ್ರೂ ಸಿಕ್ರೂ ಟೀ. ಬಸ್ಸಲ್ಲಿ ನಾಲ್ಕು ಗಂಟೆ ಕೂತ್ರೆ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅಲ್ಲೇ, ದೇಶದಲ್ಲಿ ಬೆಳೆಯೋ ಕಾಫಿಯಲ್ಲಿ ಹತ್ರಹತ್ರ ಶೇ. 70ರಷ್ಟು ನಮ್ಮ ರಾಜ್ಯದ್ದೇ, ಇಷ್ಟೆಲ್ಲಾ ಇದ್ದೂ ಒಂದು ಸರಿಯಾದ ಲೋಟ ಕಾಫಿಗೆ ಇಲ್ಲಿ ಬೀದಿ ಬೀದಿ ಅಲಿಬೇಕು. ಅಲ್ದಿದೀನಿ. ಅದ್ರಲ್ಲಿ ಮೂರೇ ಮೂರು ಜಾಗ ಮತ್ತೆ ಮತ್ತೆ ಹೋಗುವಷ್ಟು ಹತ್ರ ಇದ್ವು, ಮತ್ತೆ ಮತ್ತೆ ಹೋಗುವಷ್ಟು ಆಸೆನೂ ಹುಟ್ಸಿದ್ವು.

ಸರ್ಕಲ್ ಹತ್ರದ ಹೋಟ್ಲಿಂದ ಶುರು ಮಾಡ್ತೀನಿ. ನಿಂತ್ಕೊಂಡು ತಿನ್ನೋ ಹೋಟ್ಲು, ಆಫೀಸಿಂದ ನಡ್ಕೊಂಡೇ ಹೋಗ್ಬೋದು. ಇಡ್ಲಿ ಚೆನ್ನಾಗಿದೆ, ಜಾಗ ಕ್ಲೀನು, ಕಾಫಿ 20 ರೂಪಾಯಿ. ಡಿಕಾಕ್ಷನ್ನೂ ಕೆಟ್ಟದ್ದೇನಲ್ಲ, ಬೆಳಿಗ್ಗೆ ಬಾಗ್ಲು ತೆಗೆದಾಗ ಹೋದ್ರೆ ಘಮ್ ಅನ್ನತ್ತೆ. ತೊಂದ್ರೆ ಒಂದೇ, ಸಕ್ಕರೆ. ಆದ್ರೆ ಆ ಒಂದು ತೊಂದ್ರೆ ಎಷ್ಟು ದೊಡ್ಡದು ಅಂತ ಸಕ್ಕರೆ ಹಾಕ್ಕೊಂಡು ಕುಡಿಯೋರಿಗೆ ಈ ಜನ್ಮದಲ್ಲಿ ಗೊತ್ತಾಗಲ್ಲ.

ಅಲ್ಲಿ ಹಾಲು ಕಾಯ್ಸುವಾಗ್ಲೇ ಪಾತ್ರೆಗೆ ಸಕ್ಕರೆ ಸುರಿದುಬಿಡ್ತಾರೆ. ರಶ್ ಟೈಮಲ್ಲಿ ಒಬ್ನೇ ಹುಡುಗ ಲೋಟಗಳನ್ನ ಸಾಲಾಗಿ ಇಟ್ಕೊಂಡು ಒಂದು ಕೈಲಿ ಡಿಕಾಕ್ಷನ್ ಇನ್ನೊಂದು ಕೈಲಿ ಹಾಲು ಸುರಿತಾ ಹೋಗ್ತಾನೆ, ಲೋಟ ಲೋಟಕ್ಕೂ ಚಮಚ ಹಿಡ್ಕೊಂಡು ಸಕ್ಕರೆ ಹಾಕಿ ತಿರುಗಿಸ್ತಾ ನಿಂತ್ರೆ ಕ್ಯೂ ಸರ್ಕಲ್ ದಾಟತ್ತೆ, ಅದು ಅರ್ಥ ಆಗತ್ತೆ. ಹಾಗಂತ ಸಕ್ಕರೆ ಬೇಡ ಅನ್ನೋರಿಗೆ ದಾರಿನೇ ಇಲ್ವಾ? ಇದೆ. ಆ ದಾರಿ ಹೇಗಿದೆ ಕೇಳಿ.

ಗಲ್ಲಾದಲ್ಲಿ ದುಡ್ಡು ಕೊಟ್ಟು "ಒಂದು ಕಾಫಿ, ಸಕ್ಕರೆ ಇಲ್ದಿರೋದು" ಅಂದ್ರೆ "ಅಲ್ಲಿ ಹೇಳ್ರಿ" ಅಂತಾರೆ. ಕೌಂಟರ್‌ಗೆ ಹೋಗಿ ಹೇಳಿದ್ರೆ ಹುಡುಗ ಟೋಕನ್ ಹಿಂದೆ ಮುಂದೆ ತಿರುಗ್ಸಿ ನೋಡಿ "ಇದ್ರಾಗೆ ಬರ್ದಿಲ್ಲಲ್ಲಕ್ಕಾ, ಬರ್ಸ್ಕೊಂಡ್ ಬರ್ರಿ" ಅಂತಾನೆ. ವಾಪಸ್ ಗಲ್ಲಾಕ್ಕೆ ಹೋದ್ರೆ ಅಲ್ಲಿ ಅಷ್ಟೊತ್ತಿಗೆ ಮೈಸೂರು ಪಾಕ್ ತೂಕ ಹಾಕಿಸ್ಕೊಳೋರು ನಾಲ್ಕು ಜನ ನಿಂತಿರ್ತಾರೆ, ಅವ್ರ ಭುಜದ ಮೇಲಿಂದ ಕೈ ಚಾಚಿ ಟೋಕನ್ ಕೊಟ್ರೆ ಪೆನ್ನಲ್ಲಿ "ಎಸ್.ಎಲ್.", ಅಂದ್ರೆ ಶುಗರ್‌ಲೆಸ್, ಅಂತ ಗೀಚಿ ಕೊಡ್ತಾರೆ. ಅದನ್ನ ತಗೊಂಡು ಬಂದು ಮತ್ತೆ ಕೊಟ್ರೆ ಹುಡುಗ "ಎರಡ್ನಿಮಿಷ ಅಕ್ಕಾ" ಅಂತ ಪಕ್ಕಕ್ಕೆ ನಿಲ್ಸ್ತಾನೆ. ಆ ಎರಡು ನಿಮಿಷದಲ್ಲಿ ಅವ್ನು ಎಷ್ಟು ಲೋಟ ಬೇರೆಯವ್ರಿಗೆ ಕೊಟ್ಟಿರ್ತಾನೋ ಆ ದೇವ್ರಿಗೇ ಗೊತ್ತು.

ಇಷ್ಟರ ಮಧ್ಯೆ ಪಕ್ಕದಲ್ಲಿ ನಿಂತಿರೋರಿಗೆ ನಮ್ಮ ಮಾತು ಕೇಳ್ಸಿರತ್ತೆ. "ಎಷ್ಟು ವರ್ಷ ಆತಮ್ಮ?" ಅಂತ ಒಬ್ರು ಹಿರಿಯರು ಕೇಳಿದ್ರು, ಮೊದ್ಲ ಸಲ ನನಗೆ ಏನು ಅಂತಾನೇ ಅರ್ಥ ಆಗ್ಲಿಲ್ಲ. ನನಗೆ ಏನೂ ಇಲ್ಲ ಸಾರ್, ರುಚಿಗೆ ಅಂತ ಸಕ್ಕರೆ ಹಾಕಲ್ಲ ಅಂದ್ರೆ ನಂಬ್ಲೇ ಇಲ್ಲ, ಹಾಗಲಕಾಯಿ ರಸ, ಮೆಂತ್ಯೆ ನೆನೆಸಿದ ನೀರು, ಕುಂದುವಾಡ ಕೆರೆ ಹತ್ರ ದಿನಾ ವಾಕಿಂಗ್, ಎಲ್ಲಾ ಹೇಳಿ ಕಳ್ಸಿದ್ರು. ಪ್ರೀತಿಯಿಂದ್ಲೇ ಹೇಳಿದ್ದು, ಬೇಜಾರಿಲ್ಲ.

ಕೊನೆಗೆ ಬರೋ ಕಾಫಿ ಹೇಗಿರತ್ತೆ ಅಂದ್ರೆ, ಸಕ್ಕರೆ ಹಾಕದ ಹಾಲನ್ನ ಒಂದು ಸಣ್ಣ ಪಾತ್ರೆಯಲ್ಲಿ ಬಾಯ್ಲರ್ ಪಕ್ಕ ಇಟ್ಟಿರ್ತಾರೆ, ಅದನ್ನ ಕೇಳೋರು ಕಮ್ಮಿ, ಹಾಗಾಗಿ ಅದು ಅಲ್ಲೇ ಉಗುರುಬೆಚ್ಚಗೆ ಕೂತು ಕೂತು ಮೇಲೆ ಕೆನೆ ಕಟ್ಟಿರತ್ತೆ. ಡಿಕಾಕ್ಷನ್ ಜೊತೆ ಸೇರಿದಾಗ ಕೆನೆ ಚೂರು ಚೂರಾಗಿ ತೇಲತ್ತೆ. ಬಿಸಿನೂ ಇಲ್ಲ, ನೊರೆನೂ ಇಲ್ಲ. "ಸಕ್ಕರೆ ಕಮ್ಮಿ ಸಾಕು" ಅಂತ ರಾಜಿ ಮಾಡ್ಕೊಂಡೂ ನೋಡಿದೆ, ಅದಕ್ಕೆ ಅವ್ನು ಮಾಡೋದು ಏನು ಅಂದ್ರೆ ಅದೇ ಸಿಹಿ ಹಾಲು ಅರ್ಧ ಹಾಕಿ ಉಳಿದಿದ್ದಕ್ಕೆ ಬಿಸಿನೀರು. ಸಕ್ಕರೆ ಕಮ್ಮಿ ಆಯ್ತು ನಿಜ, ಹಾಲೂ ಕಮ್ಮಿ ಆಯ್ತು, ಕಾಫಿನೂ ಕಮ್ಮಿ ಆಯ್ತು.

ಇದು ಬರೀ ಸಕ್ಕರೆ ವಿಷಯ ಆಗಿದ್ರೆ ಇಷ್ಟು ಬರಿತಿರ್ಲಿಲ್ಲ. ಸಕ್ಕರೆ ಮುಚ್ಚಿಡೋದು ಬೇರೆನೇ ಇದೆ. ಡಿಕಾಕ್ಷನ್ ಇಳಿದಾಗ ಚೆನ್ನಾಗಿರೋದು ಸ್ವಲ್ಪ ಹೊತ್ತು ಮಾತ್ರ, ಅದನ್ನ ಬಿಸಿ ಮೇಲೆ ಇಟ್ಟೇ ಇಟ್ರೆ ಕಾಫಿಯಲ್ಲಿರೋ ಕ್ಲೋರೋಜೆನಿಕ್ ಆಸಿಡ್ ಒಡೆದು ಕ್ವಿನಿಕ್ ಆಸಿಡ್ ಜಾಸ್ತಿ ಆಗತ್ತೆ, ಅದಕ್ಕೇ ಹಳೇ ಕಾಫಿ ಕುಡಿದಾಗ ನಾಲಿಗೆ ಹಿಂದೆ ಒಂಥರಾ ಹುಳಿ-ಒಗರು ಹಿಡ್ಕೊಳೋದು. ಎರಡು ಚಮಚ ಸಕ್ಕರೆ ಬಿದ್ರೆ ಅದು ಯಾರಿಗೂ ಗೊತ್ತಾಗಲ್ಲ. ನನ್ನಂಥೋರಿಗೆ ಮೊದ್ಲ ಗುಟುಕಲ್ಲೇ ಗೊತ್ತಾಗತ್ತೆ ಬೆಳಿಗ್ಗೆ ಆರಕ್ಕೆ ಇಳಿಸಿದ ಡಿಕಾಕ್ಷನ್ ಹನ್ನೊಂದಕ್ಕೂ ಅದೇ ನಡೀತಿದೆ, ಮಧ್ಯೆ ಬಿಸಿನೀರು ಹಾಕಿ ಎಳೆದಿದಾರೆ ಅಂತ. ಹಾಗಾಗಿ ಅದೇ ಹೋಟ್ಲಲ್ಲಿ ಬೆಳಿಗ್ಗೆ ಕುಡಿದೋರು "ಸೂಪರ್ ಕಾಫಿ" ಅಂತಾರೆ, ಹನ್ನೊಂದಕ್ಕೆ ಕುಡಿದ ನಾನು ಮುಖ ಕಿವುಚ್ತೀನಿ, ಇಬ್ರೂ ಹೇಳ್ತಿರೋದು ನಿಜಾನೇ.

ಇನ್ನೊಂದು ಸಣ್ಣ ನಷ್ಟ, ಒನ್ ಬೈ ಟೂ ಮಾಡ್ಕೊಳೋಕೆ ಆಗಲ್ಲ. ಆಫೀಸಲ್ಲಿ ನನ್ನ ಜೊತೆ ಕೆಲಸ ಮಾಡೋ ಹುಡುಗಿಗೆ ಸಕ್ಕರೆ ಬೇಕೇ ಬೇಕು.

ಈಗ ಎ.ಸಿ. ಕೆಫೆ. ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಈಗ ಇಂಥವು ಸುಮಾರಿವೆ, ಗಾಜಿನ ಬಾಗ್ಲು, ಗೋಡೆ ಮೇಲೆ ಇಂಗ್ಲಿಷ್ ಬರಹ, ಕಟ್ಟಿಗೆ ಕುರ್ಚಿ, ಎಲ್ಲಾ ಒಂದೇ ಅಚ್ಚು. ನಾನು ಹೋಗ್ತಿದ್ದ ಕೆಫೆಯಲ್ಲಿ ಸಕ್ಕರೆ ಸಮಸ್ಯೆನೇ ಇಲ್ಲ, ಸಣ್ಣ ಸಣ್ಣ ಪೊಟ್ಟಣ ಪಕ್ಕದಲ್ಲಿ ಇಟ್ಟು ಕೊಡ್ತಾರೆ, ಅದೊಂದಕ್ಕೇ ನಾನು ಮೊದ್ಲು ಸೋತಿದ್ದು. ಎರಡನೇ ಕಾರಣ ಅಲ್ಲಿ ಮೆಷಿನ್ ನೋಡ್ಕೋತಿದ್ದ ಹುಡುಗ. ಹಾಸನದ ಕಡೆಯವ್ನು, ದಿನಾ ಬಾಗ್ಲು ತೆಗೆದ ತಕ್ಷಣ ಗ್ರೈಂಡರ್ ಸರಿ ಮಾಡ್ಕೊಂಡು, ಒಂದೆರಡು ಶಾಟ್ (ಮೆಷಿನ್ನಿಂದ ಇಳಿಯೋ ಗಟ್ಟಿ ಕಾಫಿ, ಅದೇ ಎಸ್ಪ್ರೆಸೊ) ತಾನೇ ಕುಡಿದು ನೋಡಿ, ಚೆನ್ನಾಗಿಲ್ಲ ಅಂದ್ರೆ ಚೆಲ್ಲಿ ಮತ್ತೆ ಮಾಡ್ತಿದ್ದ. ಎಸ್ಪ್ರೆಸೊ ಅಂದ್ರೆ ಸುಮಾರು 18 ಗ್ರಾಂ ಪುಡಿ, 9 ಬಾರ್ ಪ್ರೆಷರ್, 25ರಿಂದ 30 ಸೆಕೆಂಡ್ ಒಳಗೆ ಇಳೀಬೇಕು, ಪುಡಿ ದಪ್ಪ ಆದ್ರೆ ನೀರು ಸೊರ್ ಅಂತ ಇಳಿದು ಹುಳಿ, ತೀರಾ ನೈಸ್ ಆದ್ರೆ ಕಟ್ಕೊಂಡು ಕಹಿ, ಮಳೆ ಬಂದು ಗಾಳಿ ತೇವ ಆದ್ರೂ ವ್ಯತ್ಯಾಸ ಆಗತ್ತೆ ಅಂತೆಲ್ಲಾ ಹೇಳಿಕೊಟ್ಟಿದ್ದು ಅವ್ನೇ. ಅವ್ನು ಮಾಡ್ತಿದ್ದಂಥ ಕಾಫಿ ನಾನು ಬೆಂಗಳೂರಲ್ಲೂ ಕುಡಿದಿಲ್ಲ.

ಆ ಕಾಫಿ ನಂಬ್ಕೊಂಡು ಅವ್ರ ಕಾರ್ಡ್ ತಗೊಂಡೆ. ಎರಡು ಸಾವಿರ ಕಟ್ಟಿದ್ರೆ ಎರಡು ಸಾವಿರದ ಐನೂರಕ್ಕೆ ಕುಡಿಬೋದು ಅನ್ನೋ ಸ್ಕೀಮು. ಕಾರ್ಡ್ ತಗೊಂಡು ಸ್ವಲ್ಪ ದಿನಕ್ಕೇ ಹುಡುಗ ಬೆಂಗಳೂರಿಗೆ ಹೋದ, ಒಳ್ಳೇ ಸಂಬಳ ಸಿಕ್ತಂತೆ, ಹೋಗ್ಲಿ ಪಾಪ. ಅವ್ನ ಜಾಗಕ್ಕೆ ಬಂದೋರಿಗೆ ಮೆಷಿನ್ ಆನ್ ಮಾಡೋಕೆ ಬರತ್ತೆ, ಅಷ್ಟೇ. ಶಾಟ್ ಹತ್ತು ಸೆಕೆಂಡಿಗೆ ಇಳಿದು ಮುಗಿದಿರತ್ತೆ. "ಗ್ರೈಂಡರ್ ಸ್ವಲ್ಪ ನೈಸ್ ಮಾಡಪ್ಪ" ಅಂದ್ರೆ "ಸೆಟಿಂಗ್ ಮುಟ್ಬಾರ್ದು ಅಂತ ಸಾರ್ ಹೇಳಿದಾರೆ ಮ್ಯಾಮ್" ಅಂತಾನೆ. ಬೀಜ ಎಲ್ಲಿಂದ ಬರತ್ತೆ ಅಂದ್ರೆ ಗೊತ್ತಿಲ್ಲ, ಯಾವತ್ತು ಹುರಿದಿದ್ದು ಅಂದ್ರೆ ಗೊತ್ತಿಲ್ಲ, ಗಾಜಿನ ಡಬ್ಬಿ ತುಂಬಾ ಎಣ್ಣೆ ಬಿಟ್ಕೊಂಡು ಹೊಳೀತಾ ಕೂತಿರತ್ತೆ, ನೋಡೋಕೆ ಚೆಂದ, ಮೂಗು ಹತ್ರ ತಗೊಂಡ್ರೆ ಕಮಟು.

ಹಾಲಿನ ಕಥೆನೂ ಹಂಗೇ. ಹಬೆಯಲ್ಲಿ ಕಾಯ್ಸೋ ಹಾಲು 60–65 ಡಿಗ್ರಿಗೆ ನಿಲ್ಸಿದ್ರೆ ತಾನೇ ಸಿಹಿ ಅನ್ಸತ್ತೆ, ಸಕ್ಕರೆ ಹಾಕದೋರಿಗೆ ಆ ಸಿಹಿನೇ ಸಿಹಿ. ಎಪ್ಪತ್ತು ದಾಟಿಸಿದ್ರೆ ಹಾಲಿನ ಪ್ರೋಟೀನು ಕೆಟ್ಟು ಬೆಂದ ಮೊಟ್ಟೆ ಥರ ಒಂದು ವಾಸನೆ. ಇಲ್ಲಿ ಪಾತ್ರೆ ಹಿಡಿಯೋಕಾಗದಷ್ಟು ಬಿಸಿ ಆಗೋವರ್ಗೂ ಬಿಡ್ತಾರೆ, ಯಾಕಂದ್ರೆ ನಮ್ಮ ಜನ ಬಿಸಿ ಇಲ್ದಿದ್ರೆ ಬೈತಾರಂತೆ. ಅದೂ ನಿಜಾನೇ ಇರ್ಬೋದು. ಮೇಲೆ ಮಾತ್ರ ಹಾರ್ಟ್ ಚಿತ್ರ ತಪ್ಪದೇ ಬಿಡ್ಸ್ತಾರೆ.

ರೇಟು 170, ಮೇಲೆ ಟ್ಯಾಕ್ಸು. ಇಲ್ಲಿ ನನ್ನ ಕೆಲಸದ ಬುದ್ಧಿ ಸ್ವಲ್ಪ ಅಡ್ಡ ಬರತ್ತೆ, ಕ್ಷಮಿಸಿ. ಎ.ಸಿ. ಇದ್ರೆ ಟ್ಯಾಕ್ಸ್ ಜಾಸ್ತಿ ಅಂತ ಇನ್ನೂ ಸುಮಾರು ಜನ ನಂಬಿದಾರೆ, ಅದು 2017ರ ನವೆಂಬರ್ 15ಕ್ಕೇ ಹೋಯ್ತು, ಇಂಥ ಹೋಟ್ಲುಗಳಿಗೆಲ್ಲಾ ಎ.ಸಿ. ಇದ್ರೂ ಇಲ್ದಿದ್ರೂ ಶೇ. 5 ಅಷ್ಟೇ. ಹಾಗಾಗಿ ಕೆಫೆಯಲ್ಲಿ ನೀವು ಕೊಡೋದು ಟ್ಯಾಕ್ಸ್‌ಗಲ್ಲ, ಕುರ್ಚಿಗೆ. ಕುರ್ಚಿ ಚೆನ್ನಾಗಿದೆ ಅನ್ನೋದು ಒಪ್ಕೋಬೇಕು. ಟಾಯ್ಲೆಟ್ಟೂ ಕ್ಲೀನಾಗಿದೆ, ಪೇಟೆಯಲ್ಲಿ ಓಡಾಡೋ ಹೆಂಗಸ್ರಿಗೆ ಅದೆಷ್ಟು ದೊಡ್ಡ ವಿಷಯ ಅಂತ ಗಂಡಸ್ರು ಬರೆಯೋ ಹೋಟ್ಲು ರಿವ್ಯೂಗಳಲ್ಲಿ ಎಲ್ಲೂ ನೋಡಿಲ್ಲ ನಾನು. ಕಾರ್ಡಲ್ಲಿ ಇನ್ನೂ ದುಡ್ಡಿದೆ, ಕ್ಲೈಂಟ್ ಜೊತೆ ಕೂತು ಮಾತಾಡೋದಿದ್ರೆ ಅಲ್ಲಿಗೇ ಕರ್ಕೊಂಡು ಹೋಗ್ತೀನಿ, ಅವ್ರಿಗೆ ಕಾಫಿ, ನನಗೆ ನಿಂಬೆಹಣ್ಣಿನ ಸೋಡಾ.

ಪುಡಿ ಅಂಗಡಿಗೆ ಬರೋಣ. ಹಳೇ ಪೇಟೆ ಕಡೆ ಒಂದು ಗಲ್ಲಿ, ಎಡಗಡೆ ಬೆಲ್ಲದ ಅಂಗಡಿ, ಬಲಗಡೆ ಹಗ್ಗ ಮಾರೋರು, ಮಧ್ಯೆ ಇದು. ಬೋರ್ಡು ಹುಡುಕಬೇಡಿ, ಗಲ್ಲಿಗೆ ಕಾಲಿಟ್ರೆ ವಾಸನೆ ಹೇಳತ್ತೆ. ಅಸಲಿಗೆ ಇದು ಕಾಫಿ ಹೋಟ್ಲೇ ಅಲ್ಲ, ಬೀಜ ಬೀಸಿ ಪುಡಿ ಮಾರೋ ಅಂಗಡಿ. ಬೀಸೋ ತನಕ ಕಾಯೋರಿಗೆ ಅಂತ ಶೆಟ್ರ ಮನೆಯವ್ರು ಒಳಗಿಂದ ಒಂದೊಂದು ಲೋಟ ಕಾಫಿ ಕೊಡ್ತಿದ್ರಂತೆ, ಜನ ಪುಡಿ ಬಿಟ್ಟು ಕಾಫಿಗೇ ಬರೋಕೆ ಶುರು ಮಾಡಿದ್ಮೇಲೆ ಪಕ್ಕದಲ್ಲಿ ಒಂದು ಕಿಂಡಿ ತೆಗೆಸಿ 25 ರೂಪಾಯಿ ಅಂತ ಬೋರ್ಡ್ ಹಾಕಿದಾರೆ. ಸ್ಟೀಲ್ ಲೋಟ, ಬಟ್ಲು. ಸಕ್ಕರೆ ಡಬ್ಬಿ ಕಿಂಡಿ ಹೊರಗೆ, ಚಮಚ ದಾರದಲ್ಲಿ ಕಟ್ಟಿದೆ, ಬೇಕಾದೋರು ಹಾಕ್ಕೊಳಿ, ಬೇಡದೋರು ಬಿಡಿ. ನನ್ನ ಜನ್ಮದ ಸಮಸ್ಯೆಗೆ ಒಂದು ಡಬ್ಬಿ, ಒಂದು ಗೇಣು ದಾರ, ಇಷ್ಟೇ ಉತ್ತರ. ಯಾರೂ ಎಷ್ಟು ವರ್ಷ ಆತು ಅಂತ ಕೇಳಲ್ಲ, ಯಾಕಂದ್ರೆ ಹಾಕ್ಕೊಂಡ್ನೋ ಇಲ್ವೋ ಯಾರೂ ನೋಡಲ್ಲ.

ಆದ್ರೆ ನಾನು ಈ ಅಂಗಡಿಗೆ ಪೂರ್ತಿ ಶರಣಾಗಿದ್ದು ಒಂದು ದಿನ ಕಾಫಿ ಸಿಗದೇ ವಾಪಸ್ ಬಂದಾಗ. ಹನ್ನೆರಡೂಮುಕ್ಕಾಲಿಗೆ ಹೋಗಿದ್ದೆ. "ಡಿಕಾಕ್ಷನ್ ಆಗ್ಹೋತು ಅಕ್ಕಾರೆ, ನಾಲ್ಕಕ್ಕೆ ಬರ್ರಿ" ಅಂದ್ರು ಶೆಟ್ರು. ಪಾತ್ರೆ ತಳದಲ್ಲಿ ಇನ್ನೂ ಸ್ವಲ್ಪ ಕಾಣ್ತಿತ್ತು, "ಅದ್ರಲ್ಲೇ ಒಂದು ಲೋಟ ಮಾಡಿ ಕೊಡ್ರಿ ಶೆಟ್ರೆ" ಅಂದೆ. "ಅದು ಎರಡನೇ ನೀರು, ನಮ್ಮನೆ ಕೆಲಸದ ಹುಡುಗ್ರಿಗೆ ಹಾಲು ಜಾಸ್ತಿ ಹಾಕಿ ಕೊಡ್ತೀವಿ, ನಿಮಗೆ ರೊಕ್ಕ ತಗೊಂಡು ಕೊಡೋಕೆ ಬರಲ್ಲ" ಅಂದ್ರು. ಅಲ್ಲಿಂದ ಬರ್ತಾ ಯೋಚ್ನೆ ಮಾಡ್ದೆ, ಸರ್ಕಲ್ ಹೋಟ್ಲಲ್ಲಿ ಯಾವತ್ತೂ ಕಾಫಿ ಖಾಲಿ ಆಗಿದ್ದು ಕಂಡಿಲ್ಲ, ಕೆಫೆಯಲ್ಲೂ ಇಲ್ಲ. ರಾತ್ರಿ ಹತ್ತಕ್ಕೆ ಹೋದ್ರೂ ಇರತ್ತೆ. ಈಗ ಹೊಸ ಜಾಗಕ್ಕೆ ಹೋದ್ರೆ ನಾನು ಬೀಜ ಯಾವ್ದು, ಮೆಷಿನ್ ಯಾವ್ದು ಅಂತ ಕೇಳಲ್ಲ, ಇಲ್ಲಿ ಯಾವತ್ತಾದ್ರೂ ಕಾಫಿ ಮುಗಿಯತ್ತಾ ಅಂತ ಕೇಳ್ತೀನಿ. ಅವ್ರು ನಗ್ತಾರೆ, ನಗ್ಲಿ.

ದಿನಕ್ಕೆ ಮೂರು ಸಲ ಇಳಿಸ್ತಾರೆ, ದೊಡ್ಡ ಹಿತ್ತಾಳೆ ಫಿಲ್ಟರು, ಪುಡಿ ಹಾಕಿ, ಕುದಿ ಬಂದ ನೀರನ್ನ ಒಂದು ಕ್ಷಣ ಬಿಟ್ಟು ಸುತ್ತ ಹಾಕ್ತಾ ಬರ್ತಾರೆ, ಅರ್ಧ ಗಂಟೆ ತೊಟ್ಟಿಕ್ಕಬೇಕು. ಡಿಕಾಕ್ಷನ್ ಪಾತ್ರೆನ ಒಲೆ ಮೇಲೆ ಇಡಲ್ಲ, ಬಿಸಿನೀರಿನ ಬೋಗುಣಿ ಒಳಗೆ ಇಟ್ಟಿರ್ತಾರೆ. ಹಾಲು ಮಾತ್ರ ಆಗಿಂದಾಗ ಕಾಯ್ಸೋದು, ಹಸು ಕಟ್ಟಿರೋರೊಬ್ರು ತಂದು ಹಾಕ್ತಾರೆ, ಅವ್ರು ಬರದೇ ಇದ್ದ ದಿನ ಪ್ಯಾಕೆಟ್ಟು, ಅವತ್ತು ಕಾಫಿ ಒಂದು ಮೆಟ್ಲು ಕೆಳಗೆ. ನೀಲಿ ಪ್ಯಾಕೆಟ್ ತಂದ್ರೆ ಎರಡು ಮೆಟ್ಲು, ಅದ್ರಲ್ಲಿ ಕೊಬ್ಬು ಶೇ. 3 ಅಷ್ಟೇ, ಫಿಲ್ಟರ್ ಡಿಕಾಕ್ಷನ್‌ಗೆ ಅದು ಸಾಲಲ್ಲ.

ಚಿಕೋರಿ ಬಗ್ಗೆ ಒಂದು ಮಾತು. ಚಿಕೋರಿ ಅಂದ್ರೆ ಮೋಸ ಅಂತ ಮೂಗು ಮುರಿಯೋ ಜನ ಇದಾರೆ, ನಾನು ಆ ಪಾರ್ಟಿ ಅಲ್ಲ. ಅದು ಬೇರು, ಗುಜರಾತು, ಉತ್ತರ ಪ್ರದೇಶದ ಕಡೆ ಬೆಳೀತಾರೆ, ಹುರಿದು ಪುಡಿ ಮಾಡಿ ಸೇರ್ಸ್ತಾರೆ, ಕೆಫೀನ್ ಇಲ್ಲ, ಆದ್ರೆ ಹಾಲು ಹಾಕೋ ಕಾಫಿಗೆ ಬಣ್ಣ, ಮಂದ, ನಾಲಿಗೆ ಮೇಲೆ ನಿಲ್ಲೋ ಗುಣ ಕೊಡತ್ತೆ. ತೊಂದ್ರೆ ಅಳತೆಯಲ್ಲಿ. ಕಾನೂನು ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇದ್ರೆ ಸಾಕು, ಅಂದ್ರೆ ಉಳಿದ 49 ಚಿಕೋರಿ ಇರ್ಬೋದು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರ್ದಿರ್ಬೇಕು ಅಷ್ಟೇ. 2024ರಲ್ಲಿ ರೊಬಸ್ಟಾ (ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಒಂದು, ಇನ್ನೊಂದು ಅರೇಬಿಕಾ) ರೇಟು ಆಕಾಶಕ್ಕೆ ಹೋದಾಗ ಪುಡಿ ಮಾರೋರಿಗೆ ಇದ್ದಿದ್ದು ಎರಡೇ ದಾರಿ, ರೇಟು ಏರ್ಸೋದು ಇಲ್ಲ ಚಿಕೋರಿ ಏರ್ಸೋದು. ಶೆಟ್ರು ಕಿಂಡಿ ಕಾಫಿನ 20ರಿಂದ 25 ಮಾಡಿ ಚಿಕೋರಿ ಮುಟ್ಲಿಲ್ಲ, ಬಂದೋರೆಲ್ಲಾ ಗೊಣಗಿದ್ರು, ನಾನೂ ಗೊಣಗಿದೆ. ಕಿಂಡಿಯಲ್ಲಿ ಬಳಸೋದು ಪ್ಲಾಂಟೇಷನ್ ಎ ಅನ್ನೋ ಅರೇಬಿಕಾ ದರ್ಜೆ, ಸ್ವಲ್ಪ ಪೀಬೆರಿ ಅನ್ನೋ ಗುಂಡು ಬೀಜ, ಗಟ್ಟಿತನಕ್ಕೆ ಒಂದಿಷ್ಟು ರೊಬಸ್ಟಾ, ಅದ್ರ ಮೇಲೆ ನೂರಕ್ಕೆ ಹದಿನೈದು ಚಿಕೋರಿ. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾಕ್ಕಿಂತ ಹತ್ರಹತ್ರ ಎರಡು ಪಟ್ಟು, ಅದಕ್ಕೇ ಅಷ್ಟು ಚಿಟಿಕೆ ಇದ್ರೂ ಹನ್ನೊಂದರ ಕಾಫಿ ಮಧ್ಯಾಹ್ನದ ಊಟದವರ್ಗೂ ನನ್ನ ಹಿಡ್ಕೊಂಡಿರತ್ತೆ.

ಅಂಗಡಿಯ ಕೆಟ್ಟ ಗುಣಗಳೂ ಹೇಳ್ಬೇಕಲ್ಲ. ಕೂರೋಕೆ ಜಾಗ ಇಲ್ಲ, ಬೆಲ್ಲದ ಅಂಗಡಿಯವ್ರ ಕಟ್ಟೆನೇ ಗತಿ. ಒಂದೂವರೆಯಿಂದ ನಾಲ್ಕು ಗಂಟೆವರ್ಗೂ ಬಾಗ್ಲು ಮುಚ್ಚಿರತ್ತೆ. ಭಾನುವಾರ ಇಲ್ಲ, ಅಮಾವಾಸ್ಯೆ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಆ ಗಲ್ಲಿಯಲ್ಲಿ ನಿಂತು ಬಿಸಿ ಕಾಫಿ ಕುಡಿಯೋದು ಒಂದು ತಪಸ್ಸು. ಪಾರ್ಕಿಂಗ್ ಕೇಳಲೇಬೇಡಿ.

ಆಮೇಲೆ ನೀರು. ಇದು ತೀರಾ ಅತಿ ಅನ್ಸ್ಬೋದು, ಆದ್ರೂ ಹೇಳ್ತೀನಿ. ನಮ್ಮೂರಲ್ಲಿ ನಲ್ಲಿ ನೀರು ಬಂದಾಗ ತುಂಬಿಸಿಟ್ಕೊಂಡು ಬಳಸೋದು, ಮುಗಿದ್ರೆ ಬೋರು. ಬೋರಿನ ಗಡಸು ನೀರಲ್ಲಿ ಇಳಿಸಿದ ಕಾಫಿ ಸಪ್ಪೆ, ಹುಳಿಯ ಮಜಾನೇ ಸತ್ತಿರತ್ತೆ, ಯಾಕಂದ್ರೆ ಅದ್ರಲ್ಲಿರೋ ಬೈಕಾರ್ಬೊನೇಟು ಕಾಫಿಯ ಆಮ್ಲನ ನುಂಗಿಬಿಡತ್ತೆ. ಹಾಗಂತ ಫಿಲ್ಟರ್ ಮೆಷಿನಿನ ಆರ್.ಓ. ನೀರು ಹಾಕಿದ್ರೆ ಅದು ಇನ್ನೊಂದು ತುದಿ, ಖನಿಜಾನೇ ಇಲ್ದೆ ಕಾಫಿ ತೆಳ್ಳಗೆ, ಚುರುಕ್ ಅಂತ. ನದಿ ನೀರಿನ ದಿನ ಶೆಟ್ರ ಕಾಫಿ ಬೇರೆ, ಬೋರಿನ ದಿನ ಬೇರೆ. ಒಂದ್ಸಲ ಬೇಸಿಗೆಯಲ್ಲಿ "ಏನ್ ಶೆಟ್ರೆ ಇವತ್ತು ಬೋರ್ ನೀರಾ?" ಅಂದೆ, ಒಳಗಿಂದ ಅವ್ರ ಮನೆಯವ್ರು ತಲೆ ಹೊರಗೆ ಹಾಕಿ "ಈಯಮ್ಮ ಯಾರ್ರೀ?" ಅಂದ್ರು. ಅವತ್ತಿಂದ ನಾನು ಹೋದ್ರೆ ಹೇಳದೇನೇ ಡಿಕಾಕ್ಷನ್ ಒಂದು ಕೈ ಮುಂದೆ ಬೀಳತ್ತೆ.

ಬೇರೆ ಜಾಗಗಳದ್ದು ಚುಟುಕಾಗಿ: ಬೆಣ್ಣೆ ದೋಸೆ ಹೋಟ್ಲುಗಳಲ್ಲಿ ದೋಸೆ ತಿನ್ನಿ, ಕಾಫಿ ಬೇಡ, ಬೆಣ್ಣೆ ಹತ್ತಿದ ನಾಲಿಗೆಗೆ ಯಾವ ಕಾಫಿನೂ ಗೊತ್ತಾಗಲ್ಲ. ಟೀ ಗಾಡಿಗಳಲ್ಲಿ ಕಾಫಿ ಅಂದ್ರೆ ಇನ್‌ಸ್ಟಂಟ್ ಪುಡಿ, ಅಲ್ಲಿ ಟೀನೇ ಕುಡೀರಿ, ಮಜವಾಗಿರತ್ತೆ. ಹೆದ್ದಾರಿ 48ರ ಮೇಲೆ ಫಿಲ್ಟರ್ ಕಾಫಿ ಬೋರ್ಡುಗಳು ಸಾಲಾಗಿ ಎದ್ದಿವೆ, ಒಂದೆರಡು ನಿಜಕ್ಕೂ ಚೆನ್ನಾಗಿವೆ, ಆದ್ರೆ ಒಂದು ಲೋಟಕ್ಕೆ ಬೈಪಾಸ್ ತನಕ ಪೆಟ್ರೋಲ್ ಸುಡೋದಾ? ಕಾಲೇಜು ಹುಡುಗ್ರ ಅಡ್ಡಾಗಳಲ್ಲಿ ಕೋಲ್ಡ್ ಕಾಫಿ ಸಿಗತ್ತೆ, ಅದು ಐಸ್‌ಕ್ರೀಮಿನ ತಂಗಿ.

ಮನೆಯಲ್ಲೇ ಮಾಡ್ಕೊಂಡು ಫ್ಲಾಸ್ಕಲ್ಲಿ ತಗೊಂಡು ಹೋಗ್ಬಾರ್ದಾ ಅಂತ ಎಲ್ರೂ ಕೇಳ್ತಾರೆ. ಬೆಳಿಗ್ಗೆ ಮಾಡಿದ್ದು ಹನ್ನೊಂದಕ್ಕೆ ಫ್ಲಾಸ್ಕಿಂದ ಬಗ್ಗಿಸಿದ್ರೆ ಅದೇ ಹುಳಿ-ಒಗರು, ಸರ್ಕಲ್ ಹೋಟ್ಲಿಗೆ ಬೈದ ಬಾಯಲ್ಲೇ ಅದನ್ನ ಕುಡೀಬೇಕು. ಮತ್ತೆ ನಿಜ ಹೇಳ್ಬೇಕಂದ್ರೆ ಆ ಹನ್ನೊಂದು ಗಂಟೆಗೆ ಕಂಪ್ಯೂಟರ್ ಮುಂದಿಂದ ಎದ್ದು ನಾಲ್ಕು ಹೆಜ್ಜೆ ನಡೆಯೋದೇ ಅರ್ಧ ಕಾಫಿ ನನಗೆ.

ದುಡ್ಡಿನ ಲೆಕ್ಕ ಹಾಕಿದ್ರೆ ಪುಡಿ ಅಂಗಡಿಯಲ್ಲಿ ದಿನಕ್ಕೆ 50 ರೂಪಾಯಿ, ತಿಂಗ್ಳಿಗೆ ಸಾವಿರದ ಇನ್ನೂರು ಆಸುಪಾಸು. ಸರ್ಕಲ್ ಹೋಟ್ಲಲ್ಲಿ ಅದಕ್ಕಿಂತ ಇನ್ನೂರು-ಮುನ್ನೂರು ಕಮ್ಮಿ. ಕೆಫೆಯಲ್ಲಿ ಇದೇ ಎರಡು ಕಾಫಿ ಅಭ್ಯಾಸ ಇಟ್ಕೊಂಡ್ರೆ ಎಂಟೊಂಬತ್ತು ಸಾವಿರ, ಅಷ್ಟರಲ್ಲಿ ನಾನು ಒಬ್ಬ ಸಣ್ಣ ವ್ಯಾಪಾರಿಯ ವರ್ಷದ ಲೆಕ್ಕನೇ ಬರೆದುಕೊಡ್ತೀನಿ. ನೀವು ಸಕ್ಕರೆ ಹಾಕ್ಕೊಳೋರಾದ್ರೆ, ಬೆಳಿಗ್ಗೆ ಎಂಟರ ಒಳಗೆ ಕುಡಿಯೋರಾದ್ರೆ, ಸರ್ಕಲ್ ಹೋಟ್ಲೇ ಸಾಕು, ಗಲ್ಲಿ ಹುಡ್ಕೊಂಡು ಬರೋದು ಬೇಡ. ಲ್ಯಾಪ್‌ಟಾಪ್ ಇಟ್ಕೊಂಡು ಎರಡು ತಾಸು ಕೂರೋರು ಕೆಫೆಗೆ ಹೋಗಿ, ಆದ್ರೆ ಕಾರ್ಡ್ ತಗೊಳೋ ಮುಂಚೆ ಮೆಷಿನ್ ಹಿಂದೆ ನಿಂತಿರೋನು ತಾನು ಮಾಡಿದ ಕಾಫಿ ತಾನೇ ಕುಡಿದು ನೋಡ್ತಾನಾ ಅಂತ ಒಂದೆರಡು ದಿನ ಗಮನಿಸಿ.

ಪುಡಿ ಅಂಗಡಿಗೆ ಹೋಗೋರಿಗೆ: ಹತ್ತೂವರೆಯಿಂದ ಹನ್ನೊಂದೂವರೆ, ಇಲ್ಲ ಸಂಜೆ ನಾಲ್ಕೂಕಾಲಿಂದ ಐದು, ಆಗಷ್ಟೇ ಹೊಸ ಡಿಕಾಕ್ಷನ್ ಇರತ್ತೆ. ಒನ್ ಬೈ ಟೂ ಕೊಡ್ತಾರೆ, ಎರಡನೇ ಲೋಟಕ್ಕೆ ಮುಖ ಗಂಟು ಹಾಕಲ್ಲ. ಪುಡಿ ತಗೊಳೋದಾದ್ರೆ ಕಾಲು ಕೆಜಿಗಿಂತ ಜಾಸ್ತಿ ಬೇಡ, ಬೀಸಿದ್ಮೇಲೆ ಪುಡಿ ಬೇಗ ಬಾಡತ್ತೆ, "ಫಿಲ್ಟರ್‌ಗೆ" ಅಂತ ಬಾಯ್ಬಿಟ್ಟು ಹೇಳಿ, ಇಲ್ದಿದ್ರೆ ಶೆಟ್ರ ಮಗ ಪಾತ್ರೆಲಿ ಕುದಿಸೋರಿಗೆ ಅಂತ ದಪ್ಪ ಬೀಸಿ ಕೊಟ್ಬಿಡ್ತಾನೆ. ಚಿಲ್ಲರೆ ಇಟ್ಕೊಂಡು ಹೋಗಿ, ಸ್ಕ್ಯಾನರ್ ಇದೆ ಆದ್ರೆ ಆ ಗಲ್ಲಿಯಲ್ಲಿ ನೆಟ್‌ವರ್ಕ್ ಸಿಗಲ್ಲ.